ಡುವಾಲ್ ಹೊಲದ ರೋಮನ್ ಸಿಪಾಯಿಗಳು

ನನ್ನ ಗಂಡ ತಮ್ಮ ನಲವತ್ತೆರಡನೇ ವಯಸ್ಸಿನಲ್ಲಿ ರೋಮನ್ ಸೈನ್ಯ ಸೇರಿದರು. ಹೀಗಂದರೆ ಕೇಳಿದವರು ನಗುತ್ತಾರೆ. ಒಂದು ಕಾಲದಲ್ಲಿ ಅವರು ನಗಲಿ ಅಂತಲೇ ನಾನು ಹೀಗೆ ಹೇಳುತ್ತಿದ್ದೆ. ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವಿಬ್ಬರೂ ಮೈಸೂರಿನವರು. ಇಬ್ಬರದೂ ಸಾಫ್ಟ್‌ವೇರ್ ಕೆಲಸ. ಅಮೆರಿಕದಲ್ಲಿ, ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನಲ್ಲಿ ಮನೆ ತಗೊಂಡು ಎರಡು ವರ್ಷ ಆಗಿತ್ತು, ಮಗಳಿಗೆ ಹತ್ತು ವರ್ಷ. ಅಕ್ಟೋಬರಿನ ಒಂದು ಶನಿವಾರ, ಹ್ಯಾಲೋವೀನ್ ಹಬ್ಬಕ್ಕೆ ಸ್ಕೂಲಿಗೆ ಕುಂಬಳಕಾಯಿ ಬೇಕು ಅಂತ ಮಗಳು ಹಟ ಹಿಡಿದಳು, ಹೊಲಗದ್ದೆಗಳಿರುವ ಡುವಾಲ್ ಅನ್ನುವ ಸಣ್ಣ ಊರಿನ ಕಡೆ ಹೊರಟೆವು. ಊರು ಇನ್ನೂ ಒಂದು ಮೈಲಿ ಇದೆ ಅನ್ನುವಾಗ ನದಿ ಪಕ್ಕದ ಹೊಲದಲ್ಲಿ ಹೊಗೆ ಕಾಣಿಸಿತು. ಎಂಟು ಜನ ಗಂಡಸರು ಬೆಂಕಿ ಸುತ್ತ ಕೂತಿದ್ದರು. ಬಣ್ಣಗೆಟ್ಟ ಉಣ್ಣೆ ಅಂಗಿ, ಮೊಣಕಾಲಿಗೆ ತೇಪೆ ಹಾಕಿದ ಚಲ್ಲಣ, ತಲೆಗೆ ಕಬ್ಬಿಣದ ಟೋಪಿ. ಬೇಲಿಗೆ ಉದ್ದನೆಯ ಗುರಾಣಿಗಳನ್ನು ಒರಗಿಸಿಟ್ಟಿದ್ದರು. ಬೆಂಕಿಯ ಮೇಲೆ ಒಂದು ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು.

"ಯಾರೋ ನಾಟಕದವರಿರಬೇಕು, ನಡೀರಿ" ಅಂದೆ.

ಇವರು ಆಗಲೇ ಕಾರು ನಿಲ್ಲಿಸಿ ಇಳಿದಿದ್ದರು. ಬಿಳಿ ಗಡ್ಡದ, ಎತ್ತರಕ್ಕೆ ಬೆನ್ನು ಸ್ವಲ್ಪ ಬಾಗಿದ್ದ ಒಬ್ಬ ಮುದುಕರು ಎದ್ದು ಬಂದರು. "ನೀವು ಯಾವ ಕಾಲದ ಸೈನಿಕರು? ಸಿನಿಮಾದಲ್ಲಿ ಬರೋ ರೋಮನ್ನರ ಥರ ಇಲ್ವಲ್ಲ" ಅಂತ ಇವರು ಕೇಳಿದರು. ಮುದುಕರ ಮುಖ ಅರಳಿತು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಅಂತಲೇ ಅವರು ವರ್ಷಗಟ್ಟಲೆ ಆ ಹೊಲದಲ್ಲಿ ಕಾಯುತ್ತಿದ್ದರೇನೋ.

"ಸಿನಿಮಾದವರು ಗೆಲ್ಲೋ ರೋಮನ್ನರನ್ನ ತೋರಿಸ್ತಾರೆ" ಅಂದರು. "ನಾವು ಆಮೇಲಿನವರು. ಡ್ಯಾನ್ಯೂಬ್ ನದಿ ದಡದಲ್ಲಿ ಗಡಿ ಕಾಯೋಕೆ ಅಂತ ಕಳಿಸಿ, ರಾಜಧಾನಿಯವರು ಮರೆತೇಬಿಟ್ಟ ಜನ."

ಅವತ್ತು ಕುಂಬಳಕಾಯಿ ತರುವುದನ್ನು ಇವರು ಮರೆತರು. ಮಗಳು ಅತ್ತ ಮೇಲೆ ಮನೆ ಹತ್ತಿರದ ಅಂಗಡಿಯಲ್ಲಿ ಒಂದು ಕೊಂಡೆವು.

ಪಿಯುಸಿ ಆದ ಮೇಲೆ ಇತಿಹಾಸ ಓದುತ್ತೇನೆ ಅಂದಿದ್ದಕ್ಕೆ ನಮ್ಮ ಮಾವ ಇವರ ಜೊತೆ ಮೂರು ದಿನ ಮಾತು ಬಿಟ್ಟಿದ್ದರಂತೆ. ನಾಲ್ಕನೇ ದಿನ ಇವರು ಇಂಜಿನಿಯರಿಂಗ್ ಅರ್ಜಿ ತುಂಬಿದರು. ಇದನ್ನು ಮದುವೆಯಾದ ಹೊಸತರಲ್ಲಿ ಒಂದೇ ಒಂದು ಸಲ ನನಗೆ ಹೇಳಿದ್ದರು, ಅದೂ ನಗುತ್ತಾ. ನಾನೂ ನಕ್ಕು ಸುಮ್ಮನಾಗಿದ್ದೆ. ಆಸೆ ಅನ್ನುವುದು ಅಷ್ಟು ವರ್ಷ ಹಾಗೇ ಕೂತಿರುತ್ತೆ ಅಂತ ನನಗೆ ಹೊಳೆದಿರಲಿಲ್ಲ.

ಮುಂದಿನ ಶನಿವಾರ ಇವರು ಒಬ್ಬರೇ ಡುವಾಲ್‌ಗೆ ಹೋದರು. ಅದರ ಮುಂದಿನ ಶನಿವಾರವೂ ಹೋದರು. ಗಡ್ಡದ ಮುದುಕರು ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು, ಪಾಠ ಹೇಳಿದವರಲ್ಲ. ಆದರೂ ಇವರ ಬಾಯಲ್ಲಿ ಅವರು ಮೊದಲ ದಿನದಿಂದಲೇ 'ಮೇಷ್ಟ್ರು'. ಹೊಲ ಮೇಷ್ಟ್ರು ಮತ್ತು ಅವರ ಹೆಂಡತಿಯದು. ಹಳೆಯ ಕಾಲದ ಸೈನಿಕರ ಹಾಗೆಯೇ ಉಟ್ಟು, ಉಂಡು, ಶನಿವಾರಗಳನ್ನು ಕಳೆಯುವುದು ಅವರೆಲ್ಲರ ಹವ್ಯಾಸ. ಬೇರೆ ಗುಂಪಿನವರು ಕೆಂಪು ಜುಟ್ಟಿನ ಶಿರಸ್ತ್ರಾಣ ಹಾಕಿಕೊಂಡು ಸೀಸರನ ಕಾಲದ ಸೈನಿಕರಾಗಿ ಮೆರೆಯುತ್ತಿದ್ದರಂತೆ. ಮೇಷ್ಟ್ರ ಗುಂಪಿನವರು ಮಾತ್ರ ಸಾಮ್ರಾಜ್ಯ ಮುಳುಗುವ ಹೊತ್ತಿನ ಸಿಪಾಯಿಗಳು, ಅರ್ಧ ರೈತರು. ಒಂದು ಕೈಯಲ್ಲಿ ಭರ್ಜಿ, ಇನ್ನೊಂದರಲ್ಲಿ ಗುದ್ದಲಿ.

ಬಟ್ಟೆಯನ್ನೆಲ್ಲ ಕೈಯಲ್ಲೇ ಹೊಲಿಯಬೇಕು ಅನ್ನುವುದು ಅವರ ನಿಯಮ. "ಅಂಗಿ ಒಂದು ಹೊಲಿದು ಕೊಡ್ತೀಯಾ?" ಅಂತ ಇವರು ಕೇಳಿದರು. "ನಂಗೆ ಬೇರೆ ಕೆಲಸ ಇಲ್ವಾ?" ಅಂದೆ. ಇವರು ಮತ್ತೆ ಕೇಳಲಿಲ್ಲ. ಸೂಜಿ ಹಿಡಿದು ತಾವೇ ಕಲಿತರು. ಹೊಲಿಗೆ ಹಾವು ಹರಿದ ಹಾಗಿತ್ತು. "ಪರವಾಗಿಲ್ಲ, ಗಡಿಯಲ್ಲಿ ಒಳ್ಳೆ ದರ್ಜಿ ಎಲ್ಲಿರ್ತಿದ್ದ?" ಅಂತ ಮೇಷ್ಟ್ರು ಸಮಾಧಾನ ಹೇಳಿದರಂತೆ.

ಆಮೇಲೆ ಕವಚ ಶುರುವಾಯಿತು. ಉಕ್ಕಿನ ಸಣ್ಣ ಸಣ್ಣ ಬಳೆಗಳನ್ನು ಇಕ್ಕಳದಲ್ಲಿ ಒಂದಕ್ಕೊಂದು ಕೋದು ಅಂಗಿಯ ಹಾಗೆ ಹೆಣೆಯುವುದು. ಭಾನುವಾರ ಬೆಳಿಗ್ಗೆ ಇವರು ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತರೆ ಊಟಕ್ಕೆ ಮೂರು ಸಲ ಕೂಗಬೇಕಿತ್ತು. ಬೆರಳ ತುದಿಯೆಲ್ಲ ಕಪ್ಪಾಗಿರುತ್ತಿತ್ತು. ಒಂದು ವರ್ಷ ಹಿಡಿಯಿತು. ಮುಗಿದ ದಿನ ಹಾಕಿಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು. ಮಗಳು ಚಪ್ಪಾಳೆ ತಟ್ಟಿದಳು. ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ಅದು ಸೀದುಹೋಗುತ್ತಿತ್ತು. "ಚೆನ್ನಾಗಿದೆ" ಅಂದೆ, ತಿರುಗಿ ನೋಡದೆ.

ಮೇಷ್ಟ್ರು ಒಂದೇ ಸಲ ನಮ್ಮ ಮನೆಗೆ ಬಂದಿದ್ದರು, ಗುರಾಣಿಗೆ ಬೇಕಾದ ಹಲಗೆ ಕೊಡಲು. ಕೂತುಕೊಳ್ಳಿ ಅಂದೆ, ಬಿಸಿಬೇಳೆಬಾತ್ ಬಡಿಸಿದೆ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಎರಡು ಸಲ ಹಾಕಿಸಿಕೊಂಡರು. "ಇದನ್ನ ತಿನ್ನೋ ಸೈನ್ಯ ಸೋಲೋದು ಹೇಗೆ?" ಅಂದರು. ತಟ್ಟೆಯನ್ನು ತಾವೇ ತೊಳೆದಿಟ್ಟರು. ಒಳ್ಳೆಯ ಮನುಷ್ಯ ಅನ್ನಿಸಿತು. ಅವರು ನನಗೆ ಇಷ್ಟವಾಗಿರಲಿಲ್ಲ ಅಂತ ಹೇಳಿಕೊಂಡಿದ್ದರೆ ನನಗೇ ಅನುಕೂಲವಾಗುತ್ತಿತ್ತು. ಆದರೆ ಅದು ನಿಜವಲ್ಲ.

ನಾನು ಅವರ ಶಿಬಿರಕ್ಕೆ ಹೋದದ್ದೂ ಒಂದೇ ಸಲ, ಏಪ್ರಿಲಿನ ಒಂದು ಮಧ್ಯಾಹ್ನ, ಮಗಳನ್ನು ಕರೆದುಕೊಂಡು. ಹೊಲವೆಲ್ಲ ಕೆಸರು. ಪಾತ್ರೆಯಲ್ಲಿ ಬಾರ್ಲಿ, ಬೇಳೆ, ಈರುಳ್ಳಿ ಬೇಯುತ್ತಿತ್ತು. ಮೊದಲು ಅದಕ್ಕೆ ಹಂದಿ ಮಾಂಸ ಬೀಳುತ್ತಿತ್ತಂತೆ. ಇವರು ಸೇರಿದ ಮೇಲೆ ಎಲ್ಲರೂ ಅದಿಲ್ಲದೆಯೇ ತಿನ್ನುತ್ತಿದ್ದರು, ಯಾರೂ ಗೊಣಗಿರಲಿಲ್ಲ. ಇವರ ಮೈಬಣ್ಣ ನೋಡಿ ಯಾರೋ ದಾರಿಹೋಕರು, "ರೋಮನ್ ಸೈನ್ಯದಲ್ಲಿ ಇಂಡಿಯಾದವರೂ ಇದ್ರಾ?" ಅಂತ ಕೇಳಿದರು. ಮೇಷ್ಟ್ರು, "ಗಡಿಗೆ ಎಲ್ಲೆಲ್ಲಿಂದಲೋ ಬರ್ತಿದ್ರು. ನಿಂದು ಯಾವೂರು ಅಂತ ಯಾರೂ ಕೇಳ್ತಿರಲಿಲ್ಲ. ಕಾವಲಿಗೆ ನಿಲ್ತೀಯಾ ಅಂತ ಕೇಳ್ತಿದ್ರು" ಅಂದರು.

ಊಟ ಮಾಡುತ್ತಾ ಮೇಷ್ಟ್ರು ಒಂದು ಕಥೆ ಹೇಳಿದರು. ನಡೆದದ್ದೇ ಅಂತೆ. ಗಡಿಯ ಸಿಪಾಯಿಗಳಿಗೆ ರಾಜಧಾನಿಯಿಂದ ಸಂಬಳ ಬರುವುದು ನಿಂತುಹೋಯಿತು. ಒಂದೊಂದೇ ಠಾಣೆ ಬಿಕೋ ಅನ್ನತೊಡಗಿತು. ಒಂದು ಠಾಣೆಯವರು ಮಾತ್ರ ಬಿಟ್ಟುಹೋಗಲಿಲ್ಲ. ಕೊನೆಯ ಸಂಬಳವನ್ನಾದರೂ ಕೇಳಿ ತನ್ನಿ ಅಂತ ತಮ್ಮಲ್ಲೇ ಕೆಲವರನ್ನು ಇಟಲಿಗೆ ಕಳಿಸಿದರು. ಹೋದವರನ್ನು ದಾರಿಯಲ್ಲೇ ಯಾರೋ ಕಡಿದುಹಾಕಿದರು. ಠಾಣೆಯವರಿಗೆ ಅದು ಹೇಗೆ ಗೊತ್ತಾಗಬೇಕು? ದಾರಿ ನೋಡುತ್ತಲೇ ಇದ್ದರು. ಕೊನೆಗೆ ನದಿಯೇ ಆ ಹೆಣಗಳನ್ನು ತೇಲಿಸಿಕೊಂಡು ಬಂದು ದಡಕ್ಕೆ ಹಾಕಿತು.

"ಅವರೂ ಹೊರಟುಹೋಗಬಹುದಿತ್ತಲ್ಲ?" ಅಂತ ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

"ಎಲ್ಲಿಗೆ ಹೋಗ್ತಾರೆ ಮಗು? ಹೆಂಡತಿ ಮಕ್ಕಳು ಅಲ್ಲೇ ಇದ್ರು. ಅಷ್ಟು ಹೊತ್ತಿಗೆ ಅದೇ ಅವರ ಊರಾಗಿತ್ತು" ಅಂದರು ಮೇಷ್ಟ್ರು.

ಊಟವಾದ ಮೇಲೆ ಕಾವಲಿನ ಪಾಳಿ ಹಂಚಿದರು. ನದಿ ಕಡೆಯ ಕಾವಲು ಇವರದು, ಯಾವಾಗಲೂ ಇವರದೇ. ಭರ್ಜಿ ಹಿಡಿದು ದಡದಲ್ಲಿ ಹೋಗಿ ನಿಂತರು. ಆಚೆ ದಡದಲ್ಲಿ ಶತ್ರು ಅಂತ ಇದ್ದದ್ದು ನಾಲ್ಕು ಹಸು. ಒಂದು ಗಂಟೆ ಹಾಗೇ ನಿಂತಿದ್ದರು. ಬಿಡುವಿನ ದಿನ ಮನೆಯಲ್ಲಿ ಹತ್ತು ನಿಮಿಷ ಫೋನ್ ನೋಡದೆ ಕೂರಲಾಗದ ಮನುಷ್ಯ! ಮಗಳು ಕರೆದಳು ಅಂತ ನಾನು ಹತ್ತಿರ ಹೋದೆ, ಮುಖ ನೋಡಿದೆ. ಅಷ್ಟು ನೆಮ್ಮದಿಯ ಮುಖವನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ, ಮಗಳು ಹುಟ್ಟಿದ ದಿನವೂ ನೋಡಿರಲಿಲ್ಲ. ಸಂತೋಷಪಡಬೇಕಾಗಿತ್ತು ನಾನು. ಹೊಟ್ಟೆಕಿಚ್ಚು ಪಟ್ಟೆ. ವಾಪಸ್ಸು ಬರುವಾಗ, "ಚಳಿ, ಕೆಸರು, ಇನ್ಮೇಲೆ ನನ್ನನ್ನ ಕರೀಬೇಡಿ" ಅಂದೆ.

ಆ ವರ್ಷದ ದೀಪಾವಳಿಗೆ ನಮ್ಮ ಕಡೆಯ ಹದಿನೈದಿಪ್ಪತ್ತು ಸಂಸಾರಗಳು ಒಂದು ಹಾಲ್ ತಗೊಂಡು ಸೇರಿದ್ದೆವು. ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಏರ್ಪಾಡು. ಹೆಂಗಸರೆಲ್ಲ ಒಂದು ಕಡೆ ಕೂತು ಗಂಡಂದಿರನ್ನು ಆಡಿಕೊಳ್ಳುತ್ತಿದ್ದೆವು. ಒಬ್ಬಳ ಗಂಡ ಗಾಲ್ಫ್ ಹುಚ್ಚಿನವನು, ಇನ್ನೊಬ್ಬಳ ಗಂಡನಿಗೆ ಶೇರಿನ ಹುಚ್ಚು. ನನ್ನ ಸರದಿ ಬಂತು.

"ನಿಮ್ಮದೆಲ್ಲ ಏನೂ ಅಲ್ಲ ಬಿಡಿ. ನಮ್ಮನೆಯವರು ರೋಮನ್ ಸಿಪಾಯಿ. ಕಸ ಹಾಕಿ ಬನ್ನಿ ಅಂದ್ರೆ ಗಡಿ ಕಾಯೋಕೆ ಹೋಗ್ಬೇಕು ಅಂತಾರೆ. ಗಡೀಲಿ ಯಾರಿದಾರೆ? ಹಸು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಸಿಕ್ಕಿದ್ದೇ ನನಗೆ ಹುರುಪು ಬಂತು. ಇವರ ಚಲ್ಲಣದ ತೇಪೆ, ಹಾವು ಹರಿದ ಹೊಲಿಗೆ, ಭರ್ಜಿ ಹಿಡಿದು ನಿಲ್ಲುವ ಠೀವಿ, ಎಲ್ಲವನ್ನೂ ಎದ್ದು ನಿಂತು ಅಭಿನಯಿಸಿ ತೋರಿಸಿದೆ. ತಿರುಗಿ ನೋಡಿದರೆ ಇವರು ಕೋಸಂಬರಿ ತಟ್ಟೆ ಹಿಡಿದುಕೊಂಡು ಹಿಂದೆಯೇ ನಿಂತಿದ್ದರು. ಎಲ್ಲರ ಜೊತೆ ಇವರೂ ನಕ್ಕರು. "ಏನ್ ಸಾರ್, ಪಾಕಿಸ್ತಾನದ ಗಡಿ ಬಿಟ್ಟು ಹಸು ಕಾಯ್ತಿದೀರಂತೆ?" ಅಂತ ಯಾರೋ ಬೆನ್ನು ತಟ್ಟಿದರು. ಅದಕ್ಕೂ ನಕ್ಕರು.

ಕಾರಿನಲ್ಲಿ ವಾಪಸ್ಸು ಹೊರಟೆವು. ಮಗಳು ಹಿಂದೆ ಕಿವಿಗೆ ಹಾಡು ಹಾಕಿಕೊಂಡಿದ್ದಳು. ಬೆಲ್‌ವ್ಯೂ ದಾಟಿದ ಮೇಲೆ ಇವರು ಕೇಳಿದರು.

"ನಗಿಸೋದಕ್ಕೆ ನಿಂಗೆ ಬೇರೆ ಏನೂ ಸಿಗಲಿಲ್ವೇನೆ?"

ತಪ್ಪಾಯಿತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಇದ್ದಿದ್ದನ್ನೇ ಹೇಳಿದೆ. ನಿಮ್ಮ ಜೊತೆ ಕೆಲಸಕ್ಕೆ ಸೇರಿದವರು ಡೈರೆಕ್ಟರ್ ಆಗಿದಾರೆ, ನೀವು ಚಲ್ಲಣಕ್ಕೆ ತೇಪೆ ಹಾಕ್ತಾ ಕೂತಿದೀರಿ. ಶನಿವಾರ ಮಗಳನ್ನ ಈಜೋಕೆ ಕರ್ಕೊಂಡು ಹೋಗೋದೂ ನಾನೇ, ಮನೆಗೆ ಸಾಮಾನು ತರೋದೂ ನಾನೇ. ನಾನೂ ದುಡೀತೀನಿ ರೀ, ನಂಗೂ ಒಂದು ಶನಿವಾರ ಬೇಡ್ವಾ?" ಅಂದೆ. ಕೊನೆಯ ಮಾತು ನ್ಯಾಯವಾದದ್ದೇ. ಅದೊಂದನ್ನೇ ಹೇಳಬಹುದಿತ್ತು.

ಮಾರನೆಯ ದಿನ ಇವರು ಕವಚ, ಅಂಗಿ, ಟೋಪಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಗ್ಯಾರೇಜಿನ ಮೇಲಿನ ಹಲಗೆಗೆ ಏರಿಸಿದರು. ಕೆಲಸ ಜಾಸ್ತಿಯಾಗಿದೆ ಅಂತ ಮೇಷ್ಟ್ರಿಗೆ ಒಂದು ಮೇಲ್ ಕಳಿಸಿದರು. ಆಮೇಲೆ ಮೇಷ್ಟ್ರು ಮೊಬೈಲಿಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಏನಂತ ಹೇಳುವುದು? ಹೆಂಡತಿ ನಕ್ಕಳು ಅಂತಲೇ?

ಹತ್ತು ತಿಂಗಳು ನಾನು ಸುಖವಾಗಿದ್ದೆ. ಶನಿವಾರ ಇವರೇ ಮಗಳನ್ನು ಈಜಿಗೆ ಕರೆದೊಯ್ಯುತ್ತಿದ್ದರು, ಛಾವಣಿಯ ಅಂಚಿನ ಮಳೆನೀರಿನ ದೋಣಿಯಲ್ಲಿ ತುಂಬಿದ ಎಲೆ ತೆಗೆಯುತ್ತಿದ್ದರು, ನನ್ನ ಜೊತೆ ಬಂದು ತರಕಾರಿ ಆರಿಸುತ್ತಿದ್ದರು. ಮಧ್ಯಾಹ್ನ ಸೋಫಾದ ಮೇಲೆ ಮಲಗಿಬಿಡುತ್ತಿದ್ದರು. ಮೊದಲು ಹಗಲು ಮಲಗುವ ಅಭ್ಯಾಸ ಇರಲಿಲ್ಲ. ನಾನದನ್ನು ನೋಡಿಯೂ ಯಾಕೆ ಅಂತ ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಮಂಗಳವಾರ ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ. ಮನೆಯ ಫೋನು ಬಡಿಯಿತು. ಅದಕ್ಕೆ ಬರುತ್ತಿದ್ದದ್ದು ಬರೀ ಮಾರಾಟದ ಕರೆಗಳು. ಎತ್ತಿದೆ. ಮೇಷ್ಟ್ರು.

"ಮೊಬೈಲಲ್ಲಿ ಸಿಗಲಿಲ್ಲ, ಅದಕ್ಕೇ ಇಲ್ಲಿಗೆ ಮಾಡಿದೆ" ಅಂದರು. ನಿಲ್ಲಿಸಿದರು. ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಿತ್ತು. "ಹೊಲ ಮಾರ್ತಾ ಇದೀವಿ. ಈ ಶನಿವಾರ ಕೊನೆಯ ಶಿಬಿರ. ನಾಲ್ಕೇ ಜನ ಉಳಿದಿದೀವಿ. ಅವನು ಬಂದ್ರೆ ಐದಾಗ್ತೀವಿ." ಮತ್ತೆ ಉಸಿರು. "ನದಿ ಕಡೆ ಕಾವಲು ಅವನದೇ. ಬೇರೆ ಯಾರಿಗೂ ಕೊಟ್ಟಿಲ್ಲ. ಹೇಳ್ತೀಯೇನಮ್ಮ?"

"ಹೇಳ್ತೀನಿ" ಅಂದೆ.

"ಮರೀಬೇಡ."

"ಇಲ್ಲ ಇಲ್ಲ, ಖಂಡಿತ ಹೇಳ್ತೀನಿ."

ಮರೆತೆ ಅಂತ ಹೇಳಿದರೆ ಸುಳ್ಳಾಗುತ್ತೆ. ಅವತ್ತು ಸಂಜೆ ಇವರು ಬಂದು ಶೂ ಬಿಚ್ಚುವಾಗ ಮಾತು ನಾಲಿಗೆ ತುದಿಗೆ ಬಂದಿತ್ತು. ಊಟ ಆಗಲಿ ಅಂದುಕೊಂಡೆ. ಊಟವಾಯಿತು. ಬುಧವಾರ ಮಗಳ ಪರೀಕ್ಷೆಯ ಮಾತು. ಗುರುವಾರ ಇವರು ಯಾವುದಕ್ಕೋ ತಾವಾಗಿಯೇ ನನ್ನನ್ನು ರೇಗಿಸಿ ನಕ್ಕರು, ಹಳೆಯ ಹಾಗೆ. ಈಗ ಹೇಳಿದರೆ ಮತ್ತೆ ಶನಿವಾರಗಳೆಲ್ಲ ಡುವಾಲ್ ಪಾಲಾಗುತ್ತೆ ಅನ್ನಿಸಿತು. ಕೊನೆಯ ಶಿಬಿರ ಅಂತ ಅವರೇ ಹೇಳಿದ್ದರಲ್ಲ, ಕೊನೆಯದಾದ ಮೇಲೆ ಇನ್ನೆಲ್ಲಿಯ ಶನಿವಾರಗಳು? ಅಷ್ಟು ಬುದ್ಧಿ ನನಗಿತ್ತು. ಆದರೂ ಹೇಳಲಿಲ್ಲ. ಒಂದು ಶನಿವಾರವೂ ಬಿಟ್ಟುಕೊಡಲಾರೆ ಅಂತ ಒಳಗೆ ಯಾರೋ ಮುಷ್ಟಿ ಬಿಗಿಹಿಡಿದು ಕೂತಿದ್ದರು. ಆ ಯಾರೋ ನಾನೇ.

ಶನಿವಾರ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಬಿಸಿಲು ಚೆನ್ನಾಗಿತ್ತು. ಇವರು ಎರಡು ಸಲ ಸಜ್ಜಿಗೆ ಪ್ರಸಾದ ಕೇಳಿ ಹಾಕಿಸಿಕೊಂಡರು. ಮಧ್ಯಾಹ್ನ ಮೂರೂವರೆಗೆ ಕೈಯಲ್ಲಿ ಕಾಫಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದನ್ನು ನೋಡಿದೆ. ಇನ್ನೂ ಹೊತ್ತಿದೆ, ಈಗ ಹೊರಟರೂ ಮುಕ್ಕಾಲು ಗಂಟೆಯಲ್ಲಿ ಡುವಾಲ್ ತಲುಪುತ್ತಾರೆ ಅಂತ ಲೆಕ್ಕ ಹಾಕಿದೆ. ಲೆಕ್ಕ ಹಾಕಿ, ಆ ಮನೆಯವರಿಗೆ ಪಾತ್ರೆ ಒರೆಸಿ ಕೊಡಲು ಒಳಗೆ ಹೋದೆ.

ಫೆಬ್ರವರಿಯಲ್ಲಿ ಮೇಷ್ಟ್ರು ತೀರಿಕೊಂಡರು. ಶ್ವಾಸಕೋಶದ ಕಾಯಿಲೆಯಂತೆ, ಒಂದು ವರ್ಷದಿಂದ ಇತ್ತಂತೆ. ಅವರ ಹೆಂಡತಿ ಎಲ್ಲರಿಗೂ ಒಂದೇ ಮೇಲ್ ಕಳಿಸಿದ್ದರು. ಇವರು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಅದನ್ನು ಓದಿದರು. ಚಾಕು ಕೆಳಗಿಟ್ಟರು. "ಮೇಷ್ಟ್ರು ಹೋಗ್ಬಿಟ್ರು" ಅಂದರು, ನನಗಲ್ಲ, ಎದುರಿನ ಗೋಡೆಗೆ.

ಅವರ ನೆನಪಿನ ಸಭೆ ಡುವಾಲ್‌ನಲ್ಲೇ, ಒಂದು ಶನಿವಾರ. "ನೀನೂ ಬಾ, ಅವರಿಗೆ ನಿನ್ನ ಕೈಯಡುಗೆ ಇಷ್ಟವಾಗಿತ್ತು" ಅಂದರು. ತಲೆನೋವು ಅಂದೆ. ಇವರು ಏಣಿ ಹಾಕಿ ಡಬ್ಬ ಇಳಿಸಿದರು. ಕವಚವನ್ನು ಮಡಿಸಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡರು. ಹಾಕಿಕೊಳ್ಳಬೇಕೋ ಬೇಡವೋ ಇವರಿಗೇ ಗೊತ್ತಿರಲಿಲ್ಲ.

ಬಂದಾಗ ನಾಲ್ಕು ಗಂಟೆ. ನಾನು ಅಡುಗೆಮನೆ ಟೇಬಲ್ಲಿನಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಕೋಟು ಬಿಚ್ಚದೆ ಎದುರಿಗೆ ಕೂತರು.

"ಮೇಷ್ಟ್ರು ಸೆಪ್ಟೆಂಬರಲ್ಲಿ ಇಲ್ಲಿಗೆ ಫೋನ್ ಮಾಡಿದ್ರಂತೆ."

ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ.

"ಅವರ ಹೆಂಡತಿ ಹೇಳಿದ್ರು. ನೀನು ಎತ್ತಿದ್ಯಂತೆ, ಹೇಳ್ತೀನಿ ಅಂದ್ಯಂತೆ."

"ಮರೆತುಹೋಯ್ತು ರೀ. ಆಫೀಸ್ ಕೆಲಸ ಇತ್ತು, ಅದರ ಮಧ್ಯೆ..."

"ಮರೆತ್ಯಾ?"

ಅದನ್ನು ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಹೂಂ ಅಂತ ನಾನೊಮ್ಮೆ ಅಂದುಬಿಟ್ಟರೆ ಸಾಕು, ನಂಬುತ್ತೇನೆ, ದಯವಿಟ್ಟು ಹೂಂ ಅನ್ನು ಅನ್ನುವ ಹಾಗಿತ್ತು. ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲ. ಮರೀಲಿಲ್ಲ."

ಇವರು ಟೇಬಲ್ ಮೇಲೆ ಚೆಲ್ಲಿದ್ದ ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. ಆಮೇಲೆ, "ಅವರ ಧ್ವನಿ ಹೇಗಿತ್ತು?" ಅಂದರು.

ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ, ಕೂಗಾಡುತ್ತಾರೆ ಅಂತ ನಾನು ಸಿದ್ಧವಾಗಿದ್ದೆ. ಇದಕ್ಕೆ ಸಿದ್ಧವಾಗಿರಲಿಲ್ಲ.

"ಉಸಿರು ಹಿಡೀತಿತ್ತು. ಎರಡು ಮಾತಾಡಿ ನಿಲ್ಲಿಸ್ತಿದ್ರು."

"ಅದು ನಿಂಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಶನಿವಾರ ಅವರೇ ಹೋಗಿ ನದಿ ಹತ್ತಿರ ಕುರ್ಚಿ ಹಾಕ್ಕೊಂಡು ಕೂತಿದ್ರಂತೆ, ಕಂಬಳಿ ಹೊದ್ಕೊಂಡು. ನನ್ನ ಜಾಗ ಖಾಲಿ ಇರಬಾರದು ಅಂತ. ಅವನಿಗೆ ರೆಡ್ಮಂಡ್ ದಾಟೋವಾಗ ಟ್ರಾಫಿಕ್ ಸಿಕ್ಕಿರುತ್ತೆ, ಬರ್ತಾನೆ, ಬರ್ತಾನೆ ಅಂತಿದ್ರಂತೆ. ಐದು ಗಂಟೆವರೆಗೂ." ತಲೆ ಎತ್ತಿ ನನ್ನನ್ನು ನೋಡಿದರು. "ನಾನು ಎಲ್ಲಿದ್ದೆ ಅವತ್ತು?"

"ಪೂಜೇಲಿ" ಅಂದೆ.

ಎದ್ದು ಹೊರಗೆ ನಡೆದುಕೊಂಡು ಹೋದರು. ಮಳೆ ಹನಿಯುತ್ತಿತ್ತು. ಒಂದೂವರೆ ಗಂಟೆ ಬಿಟ್ಟು ಬಂದು, ಒದ್ದೆ ಕೋಟನ್ನು ಬಚ್ಚಲಲ್ಲಿ ನೇತುಹಾಕಿ, ಮಗಳ ಹೋಂವರ್ಕ್ ನೋಡಲು ಕೂತರು.

ನಮ್ಮಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ಪದ್ಧತಿ ಎಲ್ಲಿದೆ? ಕಾಫಿ ಕೊಟ್ಟರೆ 'ಸಕ್ಕರೆ ಕಮ್ಮಿಯಾಯ್ತು' ಅನ್ನುವುದೇ ನಮ್ಮ ಥ್ಯಾಂಕ್ಸ್. ಅದಾದ ಮೇಲೆ ಇವರು ನನಗೆ ಥ್ಯಾಂಕ್ಸ್ ಹೇಳಲು ಶುರುಮಾಡಿದರು. ಕಾಫಿ ಕೊಟ್ಟರೆ ಥ್ಯಾಂಕ್ಸ್, ಟವೆಲ್ ಕೊಟ್ಟರೆ ಥ್ಯಾಂಕ್ಸ್. ಸಕ್ಕರೆ ಎಷ್ಟಿದ್ದರೂ ಕುಡಿಯುತ್ತಿದ್ದರು. ಮೊದಮೊದಲು ನಾನು ಅತ್ತೆ, ಕೈ ಹಿಡಿದು ತಪ್ಪಾಯಿತು ಅಂದೆ. "ಆಯ್ತು ಬಿಡು" ಅನ್ನುತ್ತಿದ್ದರು, ಬೆನ್ನು ತಟ್ಟುತ್ತಿದ್ದರು. ಪಕ್ಕದ ಮನೆಯ ಹೆಂಗಸು ಅಳುತ್ತಿದ್ದರೆ ತಟ್ಟುವ ಹಾಗೆ. ಜಗಳವಾಡಲಿ ಅಂತ ಬೇಕಂತಲೇ ಕೆಣಕಿದ್ದೂ ಉಂಟು. ಜಗಳಕ್ಕೂ ಬರಲಿಲ್ಲ.

ಹೊಲ ಮಾರಿದ ಮೇಲೆ ಮೇಷ್ಟ್ರ ಹೆಂಡತಿ ಶೋರ್‌ಲೈನ್ ಅನ್ನುವ ಊರಿನಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟಿಗೆ ಬಂದಿದ್ದರು. ಎರಡು ವರ್ಷ ತಡವಾಗಿ ನಾನು ಅಲ್ಲಿಗೆ ಹೋದೆ, ಮೊದಲೇ ಮೇಲ್ ಕಳಿಸಿ, ರಜೆ ಹಾಕಿ, ಒಂದು ಬೆಳಿಗ್ಗೆ. ಗಿಡ್ಡನೆಯ, ಚುರುಕು ಕಣ್ಣಿನ ಹೆಂಗಸು. ಟೀ ಕೊಟ್ಟರು. ನಾನು ನಡೆದದ್ದನ್ನೆಲ್ಲ ಹೇಳಿದೆ, ದೀಪಾವಳಿಯಿಂದ ಹಿಡಿದು. ಕ್ಷಮಿಸಿ ಅಂದೆ.

ಅವರು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. "ಕ್ಷಮಿಸಿದೆ ಅಂತ ನಾನು ಹೇಳಿದ್ರೆ ನಿಂಗೆ ಹಗುರಾಗುತ್ತೆ. ನಂಗೇನಾಗುತ್ತೆ?" ಅಂದರು. ಕಪ್ಪುಗಳನ್ನು ಎತ್ತಿಟ್ಟು ಬಂದು ಮುಂದುವರಿಸಿದರು. "ಅವರಿಗೆ ಸಿಟ್ಟಿರಲಿಲ್ಲ. ಅದನ್ನ ಮಾತ್ರ ನಿನ್ನ ಗಂಡನಿಗೆ ಹೇಳು. ಸಂಸಾರಸ್ಥ, ಏನೋ ಅಡ್ಡಿ ಬಂದಿರುತ್ತೆ ಅಂದ್ರು. ನಾನು ಸಿಟ್ಟಾಗಿದ್ದೆ, ಈಗಲೂ ಇದೀನಿ. ಬಾ, ಆ ಪುಸ್ತಕದ ಪೆಟ್ಟಿಗೆಗಳನ್ನ ಕೆಳಗಿಳಿಸಬೇಕು, ಲೈಬ್ರರಿಗೆ ಕೊಡೋದು. ಈ ಸೊಂಟ ಇಟ್ಕೊಂಡು ನನ್ನ ಕೈಲಿ ಆಗಲ್ಲ."

ಆರು ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಇಳಿಸಿ ಅವರ ಕಾರಿಗೆ ತುಂಬಿದೆ. ಮತ್ತೆ ಬಾ ಅಂತ ಅವರು ಹೇಳಲಿಲ್ಲ, ನಾನೂ ಹೋಗಲಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ. ಮೇಷ್ಟ್ರಿಗೆ ಸಿಟ್ಟಿರಲಿಲ್ಲವಂತೆ ಅಂದಾಗ ಇವರು ತಲೆ ಬಗ್ಗಿಸಿ ಕೂತರು, ಭುಜ ಅದುರುತ್ತಿತ್ತು. ನಾನು ಹತ್ತಿರ ಹೋದೆ. "ಬೇಡ" ಅಂತ ಕೈ ಎತ್ತಿದರು. ಮೆತ್ತಗೆಯೇ ಎತ್ತಿದ್ದು.

ಮಗಳು ಕಾಲೇಜಿಗೆ ಅಂತ ಬೇರೆ ಊರಿಗೆ ಹೋದ ಮರುವರ್ಷ, ಒಂದು ಭಾನುವಾರ ಬೆಳಿಗ್ಗೆ ಇವರು ಹೇಳಿದರು. "ರೆಡ್ಮಂಡಲ್ಲಿ ಆಫೀಸ್ ಹತ್ತಿರ ಒಂದು ಮನೆ ನೋಡಿದೀನಿ. ಬಾಡಿಗೆಗೆ."

"ನನ್ನ ಮೇಲೆ ಇನ್ನೂ ಸಿಟ್ಟಾ?"

"ಸಿಟ್ಟಿಲ್ಲ ಕಣೆ. ಸಿಟ್ಟಿದ್ದಿದ್ರೆ ಯಾವತ್ತೋ ಇಳಿದುಹೋಗ್ತಿತ್ತು. ನಿನ್ನ ಹತ್ತಿರ ಏನನ್ನೂ ಹೇಳ್ಕೊಳ್ಳೋಕಾಗ್ತಿಲ್ಲ. ಇದು ನಂಗಿಷ್ಟ ಅಂತ ಒಂದು ಸಣ್ಣ ವಿಷಯ ಹೇಳೋಕೂ ಹೆದರಿಕೆ ಆಗುತ್ತೆ. ಹೆದರ್ಕೊಂಡು ಎಷ್ಟು ದಿನ ಅಂತ ಇರಲಿ?"

ಹುಳಿಪುಡಿ, ಸಾರಿನಪುಡಿ, ಮಾವಿನಕಾಯಿ ಉಪ್ಪಿನಕಾಯಿ ಕಟ್ಟಿಕೊಟ್ಟೆ. ಥ್ಯಾಂಕ್ಸ್ ಅಂದು ತೆಗೆದುಕೊಂಡರು.

ಡೈವೋರ್ಸು ಅಂತ ಏನೂ ಆಗಿಲ್ಲ. ಊರಿನಲ್ಲಿ ಯಾರಿಗೂ ಹೇಳಿಯೂ ಇಲ್ಲ. ಈ ಎಲ್ಲ ಆದ ಮೇಲೆ ಮೈಸೂರಿನಲ್ಲಿ ನಮ್ಮಮ್ಮನಿಗೆ ಹೃದಯದ ಆಪರೇಷನ್ ಆಯಿತು. ಕೇಳಿದ್ದೇ ಇವರೂ ಟಿಕೆಟ್ ಮಾಡಿಸಿ ನನ್ನ ಜೊತೆ ಬಂದರು. ಎರಡು ವಾರ ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂತು ಪೇಪರ್ ಓದಿ ಹೇಳಿದರು, ಕಿತ್ತಲೆ ಹಣ್ಣು ಸುಲಿದು ಕೊಟ್ಟರು. "ಮಗ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ, ನೀನು ಪುಣ್ಯ ಮಾಡಿದ್ದೆ" ಅಂದರು ಅಮ್ಮ. ಹೂಂ ಅಂದೆ.

ಸಿಯಾಟಲ್‌ನಲ್ಲಿ ಇಳಿದಾಗ ಬೆಳಗಿನ ಹನ್ನೊಂದು ಗಂಟೆ. ಅಮ್ಮ ತುಂಬಿಕೊಟ್ಟ ನನ್ನ ಸೂಟ್‌ಕೇಸು ಭಾರವಾಗಿತ್ತು. ಬೆಲ್ಟಿನಿಂದ ಇವರೇ ಎತ್ತಿ ಇಳಿಸಿದರು. ಹೊರಗೆ ಎರಡು ಕ್ಯಾಬ್ ಹಿಡಿದೆವು. ಮೊದಲನೆಯದರ ಡಿಕ್ಕಿಗೆ ನನ್ನ ಸಾಮಾನು ಹಾಕಿ, ಡ್ರೈವರ್‌ಗೆ ನ್ಯೂಕ್ಯಾಸಲ್‌ನ ವಿಳಾಸ ಹೇಳಿ, ನನ್ನ ಕಡೆಯ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಆಮೇಲೆ ತಮ್ಮ ಒಂದೇ ಒಂದು ಚೀಲ ತೆಗೆದುಕೊಂಡು ಹಿಂದಿನ ಕ್ಯಾಬಿನ ಕಡೆ ನಡೆದರು.